ಮನೆ ಕಾಸರಗೋಡಿನ ಪೆರ್ಲದಲ್ಲಿ, ಕಾಲೇಜು ಮಂಗಳೂರಲ್ಲಿ. ಸ್ಕಾಲರ್‌ಶಿಪ್‌ಗೆ ಅರ್ಜಿ ಎಲ್ಲಿ ಹಾಕಬೇಕು?

ಕೇರಳದ ಪ್ಲಸ್ ಟು ಮುಗಿಸಿ ಮಂಗಳೂರಲ್ಲಿ ಬಿಕಾಂ ಸೇರಿದ್ದೀರಿ. ನಾವು ಗಡಿನಾಡ ಕನ್ನಡಿಗರು ತಾನೇ, ಕರ್ನಾಟಕ ಸರಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬಹುದಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ಗಡಿನಾಡ ಕನ್ನಡಿಗ ಅನ್ನುವುದು ಸಿಇಟಿಯಲ್ಲಿ ಸೀಟಿಗೆ ಉಪಯೋಗಕ್ಕೆ ಬರುತ್ತದೆ. ಸರಕಾರದ ಸ್ಕಾಲರ್‌ಶಿಪ್‌ಗೆ ಮಾತ್ರ ಸಾಮಾನ್ಯವಾಗಿ ಮನೆ ಯಾವ ರಾಜ್ಯದಲ್ಲಿದೆ ಅನ್ನುವುದೇ ಲೆಕ್ಕ.

ನೀವು ನೋಡಬೇಕಾದ್ದು ಕೇಂದ್ರ ಸರಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎನ್‌ಎಸ್‌ಪಿ. ಅದರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಸೆಂಟ್ರಲ್ ಸೆಕ್ಟರ್ ಸ್ಕೀಮ್ ಅಂತ ಒಂದು ಸ್ಕಾಲರ್‌ಶಿಪ್ ಇದೆ. ಕಾಲೇಜು ಕರ್ನಾಟಕದಲ್ಲಿದ್ದರೂ ತೊಂದರೆ ಇಲ್ಲ, ರಾಜ್ಯ ಅಂತ ಕೇಳಿದಲ್ಲಿ ಕೇರಳವನ್ನೇ ಹಾಕಿ. ಪ್ಲಸ್ ಟುವಿನಲ್ಲಿ ನಿಮ್ಮ ಬೋರ್ಡಿನ ನಿಮ್ಮ ವಿಭಾಗದಲ್ಲಿ ಪಾಸಾದವರ ಪೈಕಿ ಮೇಲಿನ ಶೇಕಡಾ 20ರೊಳಗೆ ಇರಬೇಕು. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷ ದಾಟಬಾರದು. ಸಿಕ್ಕಿದರೆ ಡಿಗ್ರಿಯ ಮೂರು ವರ್ಷವೂ ವರ್ಷಕ್ಕೆ 12,000 ರೂಪಾಯಿ ಬರುತ್ತದೆ, ಆದರೆ ಪ್ರತಿ ವರ್ಷ ರಿನ್ಯೂ ಮಾಡಬೇಕು, ಅದಕ್ಕೆ ಶೇಕಡಾ 50 ಅಂಕ, ಶೇಕಡಾ 75 ಹಾಜರಿ ಬೇಕು.

ಆದಾಯದ ಸರ್ಟಿಫಿಕೇಟು ವಿಲ್ಲೇಜ್ ಆಫೀಸಿನದ್ದು, ಕೇರಳ ಸರಕಾರದ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಕೊಡಬಹುದು. ಅದು ಕೈಗೆ ಬಂದ ಕೂಡಲೇ ಹೆಸರು ನೋಡಿ. ನಮ್ಮ ಕಡೆಯ ಹೆಸರುಗಳು ಮಲಯಾಳಕ್ಕೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬರುವಾಗ ಒಂದೊಂದು ಕಾಗದದಲ್ಲಿ ಒಂದೊಂದು ತರ ಆಗಿರುತ್ತವೆ ಅಲ್ವಾ, ಐತ್ತಪ್ಪ ಅನ್ನುವ ಹೆಸರಿಗೆ ಒಂದರಲ್ಲಿ ಒಂದು ಟಿ, ಇನ್ನೊಂದರಲ್ಲಿ ಎರಡು. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೇಗಿದೆಯೋ ಆಧಾರ್‌ನಲ್ಲೂ ಹಾಗೇ ಇರಲಿ. ಇಲ್ಲದಿದ್ದರೆ ಅರ್ಜಿಗೆ ಮೊದಲೇ ತಿದ್ದಿಸಿ.

ಇನ್ನೊಂದು ವಿಷಯ, ನನಗೆ ಇದೇ ಜಾಸ್ತಿ ಮುಖ್ಯ. ಸಬ್‌ಮಿಟ್ ಒತ್ತಿದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಅರ್ಜಿಯನ್ನು ಕಾಲೇಜಿನವರು ಪೋರ್ಟಲ್‌ನಲ್ಲಿ ವೆರಿಫೈ ಮಾಡಬೇಕು, ಆಮೇಲೆ ಅದು ಮೇಲಕ್ಕೆ ಹೋಗುತ್ತದೆ. ನಾನು ಕೊನೆಯ ದಿನಕ್ಕೆ ಮೊದಲೇ ಹಾಕಿ ಸುಮ್ನೆ ಕೂತಿದ್ದೆ. ನಮ್ಮ ಕಾಲೇಜಿನಲ್ಲಿ ಅದನ್ನು ಯಾರೂ ತೆರೆದೇ ನೋಡಲಿಲ್ಲ, ವೆರಿಫಿಕೇಷನ್ನಿನ ದಿನ ದಾಟಿತು. ಈ ಸ್ಕೀಮಿಗೆ ಮೊದಲ ವರ್ಷದಲ್ಲೇ ಹೊಸ ಅರ್ಜಿ ಹಾಕಬೇಕು, ಹಾಗಾಗಿ ನನಗೆ ಮೂರು ವರ್ಷದ್ದೂ ಹೋಯಿತು. ಅಮ್ಮ ಬೀಡಿ ಕಟ್ಟಿದ ದುಡ್ಡಿನಲ್ಲೇ ನನ್ನ ಫೀಸು ಹೋಯಿತು. ಆ ಬೇಸರ ಇವತ್ತಿಗೂ ಇದೆ.

ಅದಕ್ಕೇ ಹೇಳುತ್ತೇನೆ, ಅರ್ಜಿಯ ಪ್ರಿಂಟು, ಅಂಕಪಟ್ಟಿ, ಆದಾಯದ ಸರ್ಟಿಫಿಕೇಟು ಹಿಡಿದುಕೊಂಡು ಸ್ಕಾಲರ್‌ಶಿಪ್ ನೋಡಿಕೊಳ್ಳುವವರ ಹತ್ತಿರ ನೀವೇ ಹೋಗಿ. ವಾರಕ್ಕೊಮ್ಮೆ ಲಾಗಿನ್ ಆಗಿ ಸ್ಟೇಟಸ್ ನೋಡಿ. ಡಿಫೆಕ್ಟಿವ್ ಅಂತ ಬಂದಿದ್ದರೆ ಹೆದರಬೇಡಿ, ಏನೋ ತಪ್ಪಿದೆ ಅಂತ ವಾಪಸ್ ಕಳಿಸಿದ್ದಾರೆ ಅಷ್ಟೇ, ಕೊಟ್ಟ ದಿನದೊಳಗೆ ತಿದ್ದಿ ಮತ್ತೆ ಕಳಿಸಿ.

ಬ್ಯಾಂಕಿನಲ್ಲಿ ಆಧಾರ್ ಜೆರಾಕ್ಸ್ ಕೊಟ್ಟಿದ್ದೇನೆ ಅಂದರೆ ಸಾಲದು. ಡಿಬಿಟಿಗೆ, ಅಂದರೆ ಸರಕಾರದ ದುಡ್ಡು ನೇರ ಖಾತೆಗೆ ಬರುವುದಕ್ಕೆ, ಆಧಾರ್ ಸೀಡಿಂಗ್ (ಖಾತೆಗೆ ಆಧಾರ್ ಜೋಡಿಸುವುದು) ಆಗಿದೆಯಾ ಅಂತ ಬಾಯಿಬಿಟ್ಟು ಕೇಳಿ. ಪೆರ್ಲದಲ್ಲೊಂದು, ಮಂಗಳೂರಲ್ಲೊಂದು ಖಾತೆ ಇದ್ದರೆ ಕೊನೆಗೆ ಸೀಡ್ ಆದದ್ದಕ್ಕೇ ದುಡ್ಡು ಬರುತ್ತದೆ. ಯಾವುದು ಅಂತ ಈ ವಾರವೇ ತಿಳಿದುಕೊಳ್ಳಿ.