ಗರ್ಭಪಾತಕ್ಕೆ ಫೋನು ಹೊಣೆಯೇ?

ಮೊದಲ ಮೂರು ತಿಂಗಳೊಳಗೆ ಗರ್ಭ ಕಳೆದುಕೊಂಡು, ಅದಕ್ಕೆ ತಮ್ಮ ಮೊಬೈಲೇ ಕಾರಣವೆಂದು ನಂಬಿದ ಹೆಣ್ಣುಮಕ್ಕಳು ಧಾರವಾಡದ ನನ್ನ ಸಲಹಾ ಕೋಣೆಗೆ ಮತ್ತೆ ಮತ್ತೆ ಬರುತ್ತಿರುವುದರಿಂದ, ಒಬ್ಬಾಕೆಯ ಪ್ರಕರಣವನ್ನು ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ.

ಆಕೆ ನವಲಗುಂದದ ಕಡೆಯ ಮಗಳು, ಹುಬ್ಬಳ್ಳಿಯ ಸೊಸೆ. ಗರ್ಭ ಹೋದ ಮೇಲೆ ಅತ್ತೆ ಆಕೆಯ ಫೋನನ್ನು ಸ್ಟೀಲ್ ಡಬ್ಬಿಗೆ ಹಾಕಿ ತಿಜೋರಿಯಲ್ಲಿಟ್ಟಿದ್ದರು. ಎರಡನೆಯ ಭೇಟಿಗೆ ಆ ಡಬ್ಬಿಯನ್ನೇ ತಂದು ನನ್ನ ಮೇಜಿನ ಮೇಲಿಟ್ಟರು. ಸೊಸೆ ಅದರತ್ತ ನೋಡಲೂ ಇಲ್ಲ. "ಖರೇ ಹೇಳ್ರಿ ಮೇಡಂ, ಇದರಿಂದನ ಕೂಸು ಹೋತೇನ್ರಿ?" ಎಂದು ಕೇಳಿದಳು.

ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಎಕ್ಸ್-ರೇಗೆ ಇರುವಂತೆ ಜೀವಕೋಶದೊಳಗಿನ ವಂಶವಾಹಿಯ ಎಳೆಯನ್ನು ಕಡಿಯುವಷ್ಟು ಶಕ್ತಿ ಫೋನಿನ ಅಲೆಗಳಿಗಿಲ್ಲ. ಅವುಗಳಿಂದ ಖಚಿತವಾಗಿ ಆಗುವುದೆಂದರೆ ಹತ್ತಿರದ ಅಂಗಾಂಶ ತುಸು ಬೆಚ್ಚಗಾಗುವುದು. ಅದಕ್ಕೂ ನಮ್ಮ ದೇಶದಲ್ಲಿ ದೇಹದ ಅಂಗಾಂಶದ ಕಿಲೋಗ್ರಾಂಗೆ 1.6 ವ್ಯಾಟ್‌ನ ಮಿತಿಯಿದೆ. ಕಿವಿಗೆ ಹಿಡಿದ ಫೋನಿನ ಪ್ರಭಾವ ದೂರ ಹೋದಂತೆ ಬೇಗನೆ ಕುಗ್ಗುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಕೆಲವರಿಗೆ ಬದಲಾವಣೆ ಕಂಡಿದೆ, ಅದೇ ರೀತಿ ಮಾಡಿದ ಇತರರಿಗೆ ಕಂಡಿಲ್ಲ. 2011ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಅಲೆಗಳನ್ನು 'ಕ್ಯಾನ್ಸರ್‌ಕಾರಕ ಆಗಿರಲೂಬಹುದು' ಎಂಬ 2ಬಿ ಗುಂಪಿಗೆ ಸೇರಿಸಿದ್ದು ನಿಜ. ಆದರೆ ಅಲ್ಲಿ ಚರ್ಚೆಯಾದದ್ದು ಮಿದುಳಿನ ಗಡ್ಡೆ, ಗರ್ಭಪಾತವಲ್ಲ. ವಾಟ್ಸಾಪ್‌ನಲ್ಲಿ ಓಡಾಡುವ ಸಂದೇಶಗಳು ಇದನ್ನು ಹೇಳುವುದಿಲ್ಲ. ಆರಂಭದ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟು ಭ್ರೂಣದ ವರ್ಣತಂತುಗಳಲ್ಲೇ ಆದ ದೋಷದಿಂದ ಆಗುತ್ತವೆ.

ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾರ ನಾ ದಿನಾ ರಾತ್ರಿ ಅವ್ವನ ಜೋಡಿ ಮಾತಾಡಿದ್ದು ತಪ್ಪಲ್ಲೇನ್ರಿ?" ಎಂದಳು. ಆಕೆಯನ್ನು ತಿನ್ನುತ್ತಿದ್ದ ಪ್ರಶ್ನೆ ಇದೇ ಆಗಿತ್ತು. ಅತ್ತೆ ತಲೆ ತಗ್ಗಿಸಿದರು.

ನಾನು ಕೊಟ್ಟ ಸಲಹೆ ಇಷ್ಟೇ: ಫೋನು ಅಂದೇ ಆಕೆಯ ಕೈಗೆ ಬರಬೇಕು, ತಾಯಿಯೊಡನೆ ಮಾತು ಮೊದಲಿನಂತೆ ನಡೆಯಬೇಕು, ಮುಂದಿನ ಗರ್ಭಕ್ಕೆ ಮೊದಲು ಸ್ತ್ರೀರೋಗ ತಜ್ಞರನ್ನು ಕಂಡು ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಬೇಕು. "ಇಯರ್‌ಫೋನ್ ಬಳಸು ಅಂದಿದ್ದರೆ ಏನು ಹೋಗುತ್ತಿತ್ತು?" ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಬೇರೆ ಯಾರಿಗಾದರೂ ಹೇಳುತ್ತಿದ್ದೆ, ಅದು ಒಳ್ಳೆಯ ಅಭ್ಯಾಸವೇ. ಅಂದು ಆಕೆಗೆ ಹೇಳಿದ್ದರೆ, ಮನೆಯವರ ಆರೋಪಕ್ಕೆ ನಾನೇ ಮೊಹರು ಒತ್ತಿದಂತಾಗುತ್ತಿತ್ತು. ಈ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ.

ಅತ್ತೆ ಡಬ್ಬಿ ತೆರೆದು ಫೋನನ್ನು ಸೊಸೆಗೆ ಕೊಟ್ಟರು, ಆದರೆ ರಾತ್ರಿ ತಲೆದಿಂಬಿನ ಕೆಳಗೆ ಇಡಬಾರದೆಂದು ಕರಾರು ಹಾಕಿದರು. ನಿದ್ದೆಗೆ ಅದೇ ಒಳ್ಳೆಯದೆಂದು ನಾನೂ ಒಪ್ಪಿದೆ.