ಸಲ್ಫರ್-35 ಎಂಬ ವಿಕಿರಣಶೀಲ ಗಂಧಕದ ಅರ್ಧಾಯು 87 ದಿನ ಅಂದರೆ 174 ದಿನಕ್ಕೆ ಅದು ಪೂರ್ತಿ ಖಾಲಿ ಆಗುತ್ತದೆಯೇ? ಅದು ಅಪಾಯಕಾರಿಯೇ?

ಖಾಲಿ ಆಗುವುದಿಲ್ಲ. ಪಿಎಚ್.ಡಿ.ಗೆ ಸೇರಿದ ಹೊಸತರಲ್ಲಿ ನಾನೂ ಇದೇ ಲೆಕ್ಕ ಹಾಕಿ ಸೀನಿಯರ್ ಹತ್ತಿರ ಬೈಸಿಕೊಂಡಿದ್ದೆ.

87 ದಿನಕ್ಕೆ ಅರ್ಧ ಉಳಿಯುತ್ತದೆ. ಇನ್ನೊಂದು 87 ದಿನಕ್ಕೆ ಆ ಅರ್ಧದಲ್ಲಿ ಅರ್ಧ. ಅಂದರೆ 174 ದಿನ ಕಳೆದರೂ ಕಾಲು ಭಾಗ ಹಾಗೇ ಇರುತ್ತದೆ. ಸಾವಿರದಲ್ಲಿ ಒಂದು ಪಾಲಿಗೆ ಇಳಿಯಲು ಹತ್ತು ಅರ್ಧಾಯು ಬೇಕು, ಸುಮಾರು 2 ವರ್ಷ 5 ತಿಂಗಳು. ನಮ್ಮ ಲ್ಯಾಬಿನಲ್ಲಿ ಇದರ ಕಸವನ್ನು ಡಬ್ಬಕ್ಕೆ ತುಂಬಿ, ತಾರೀಕಿನ ಚೀಟಿ ಅಂಟಿಸಿ, ಒಂದು ಕೋಣೆಯಲ್ಲಿ ಸುಮ್ನೆ ಇಟ್ಟುಬಿಡುತ್ತಿದ್ದೆವು. ಥೀಸಿಸ್ ಮುಗಿಸಿ ಹೋದವರ ಡಬ್ಬಗಳೂ ಅಲ್ಲಿದ್ದವು. ಹಾಗೆ ನೋಡಿದರೆ ವಿಕಿರಣಶೀಲ ಗಂಧಕಗಳ ಪೈಕಿ ಜಾಸ್ತಿ ದಿನ ಬಾಳುವುದು ಇದೇ. ಸಲ್ಫರ್-37 ಐದೇ ನಿಮಿಷದಲ್ಲಿ ಅರ್ಧವಾಗುತ್ತದೆ!

ಇದರ ಪರಮಾಣುವಿನ ಬೀಜದಲ್ಲಿ (ನ್ಯೂಕ್ಲಿಯಸ್) 16 ಪ್ರೋಟಾನ್, 19 ನ್ಯೂಟ್ರಾನ್ ಇವೆ. ಒಂದು ನ್ಯೂಟ್ರಾನ್ ಪ್ರೋಟಾನ್ ಆಗುತ್ತದೆ, ಆಗ ಒಂದು ಎಲೆಕ್ಟ್ರಾನ್, ಆಂಟಿನ್ಯೂಟ್ರಿನೊ ಎಂಬ ಒಂದು ಅತಿ ಹಗುರ ಕಣ ಹೊರಬೀಳುತ್ತವೆ. ಗಾಮಾ ಕಿರಣ ಇಲ್ಲ. ಉಳಿಯುವುದು ಕ್ಲೋರಿನ್-35. ಅಡುಗೆ ಉಪ್ಪಿನಲ್ಲಿರುವ ಕ್ಲೋರಿನ್ ಮುಕ್ಕಾಲು ಪಾಲು ಇದೇ. ತಮಾಷೆ ಅಂದರೆ, ರಿಯಾಕ್ಟರಿನಲ್ಲಿ ಸಲ್ಫರ್-35 ತಯಾರಿಸುವುದೂ ಕ್ಲೋರಿನ್-35ಕ್ಕೆ ನ್ಯೂಟ್ರಾನ್ ಹೊಡೆಸಿಯೇ. ಉಪ್ಪಿನಿಂದ ಬಂದದ್ದು ಮತ್ತೆ ಉಪ್ಪಿನ ದಾರಿ ಹಿಡಿಯುತ್ತದೆ. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ಅವಘಡದಲ್ಲಿ ರಿಯಾಕ್ಟರ್ ತಣಿಸಲು ಸಮುದ್ರದ ನೀರು ಹಾಯಿಸಿದಾಗ ಇದು ತಾನಾಗೇ ನಡೆಯಿತು. ನೀರಿನ ಕ್ಲೋರಿನ್ ನ್ಯೂಟ್ರಾನ್ ನುಂಗಿ ಗಂಧಕವಾಯಿತು, ಗಾಳಿ ಅದನ್ನು ಪೆಸಿಫಿಕ್ ದಾಟಿಸಿತು. ಮಾರ್ಚ್ 28ರಂದು ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ಅದು ಸಿಕ್ಕಿತು. ಎಷ್ಟು ಗೊತ್ತಾ? ಒಂದು ಘನ ಮೀಟರ್ ಗಾಳಿಗೆ 1501 ಪರಮಾಣು. ಯಾರ ಆರೋಗ್ಯವೂ ಕೆಡುವ ಪ್ರಮಾಣವಲ್ಲ, ಆದರೂ ಎಣಿಸಿದರಲ್ಲ!

ಇನ್ನು ಅಪಾಯದ ವಿಷಯ. ಹೊರಬರುವ ಎಲೆಕ್ಟ್ರಾನಿನ ಶಕ್ತಿ ಹೆಚ್ಚೆಂದರೆ 0.167 ಎಂಇವಿ (ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್, ಕಣಗಳ ಶಕ್ತಿಯ ಅಳತೆ), ಸರಾಸರಿ 0.05ರ ಆಸುಪಾಸು. ಲ್ಯಾಬಿನಲ್ಲಿ ಬಳಸುವ ಇನ್ನೊಂದು ವಿಕಿರಣಶೀಲ ವಸ್ತು ಫಾಸ್ಫರಸ್-32ರದ್ದು 1.7. ಫಾಸ್ಫರಸ್ ಜೊತೆ ಕೆಲಸ ಮಾಡುವಾಗ ದಪ್ಪ ಅಕ್ರಿಲಿಕ್ ಹಲಗೆ ಅಡ್ಡ ಇಟ್ಟುಕೊಳ್ಳುತ್ತೇವೆ. ಸಲ್ಫರ್-35ರ ಎಲೆಕ್ಟ್ರಾನ್ ಗಾಳಿಯಲ್ಲಿ ಒಂದಡಿ ಕೂಡ ಹೋಗಲ್ಲ, ಬಾಟಲಿಯ ಗಾಜನ್ನಂತೂ ದಾಟಲ್ಲ. ಹೊರಗಿದ್ದರೆ ಪಾಪದ್ದು. ದೇಹದ ಒಳಗೆ ಹೋದರೆ ಕಥೆ ಬೇರೆ, ಏಕೆಂದರೆ ಗಂಧಕ ಪ್ರೋಟೀನಿನ ಭಾಗ. 1952ರಲ್ಲಿ ಹರ್ಷಿ ಮತ್ತು ಚೇಸ್ ಎಂಬ ವಿಜ್ಞಾನಿಗಳು ವೈರಸ್ಸಿನ ಪ್ರೋಟೀನಿಗೆ ಇದೇ ಸಲ್ಫರ್-35ರ ಗುರುತು ಹಾಕಿದ್ದರು. ಡಿಎನ್‌ಎಯಲ್ಲಿ ಗಂಧಕ ಇಲ್ಲ, ಅದಕ್ಕೆ ಫಾಸ್ಫರಸ್-32 ಹಾಕಿದರು.

ಈ ಎಲೆಕ್ಟ್ರಾನ್ ಇಷ್ಟು ಬಡಪಾಯಿ ಆಗಿರುವುದೇ ದೊಡ್ಡ ತೊಂದರೆ, ನನ್ನ ಪ್ರಕಾರ. ಒಂದು ಸಲ ನಾನು ವಿಕಿರಣ ಪತ್ತೆಹಚ್ಚಿ ಟಿಕ್ ಅನ್ನುವ ಗೈಗರ್ ಕೌಂಟರಿನ ಮೂತಿ ಗಲೀಜಾಗಬಾರದು ಅಂತ ತೆಳು ಪ್ಲಾಸ್ಟಿಕ್ ಸುತ್ತಿದ್ದೆ. ಮೇಜು, ಕೈಗವಸು, ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಎಲ್ಲ ನೋಡಿದೆ. ಟಿಕ್ ಅನ್ನಲಿಲ್ಲ. ಖುಷಿಯಿಂದ ಮನೆಗೆ ಹೋದೆ. ಮರುದಿನ ಸೀನಿಯರ್ ಬಂದು ಒದ್ದೆ ಫಿಲ್ಟರ್ ಪೇಪರಿನಿಂದ ಅಲ್ಲಲ್ಲಿ ಒರೆಸಿ, ಸಿಂಟಿಲೇಶನ್ ದ್ರವಕ್ಕೆ (ವಿಕಿರಣ ತಾಗಿದರೆ ಮಿನುಗುವ ದ್ರವ) ಹಾಕಿ ಎಣಿಸಿದರು. ಇನ್‌ಕ್ಯುಬೇಟರಿನ ಒಳಗೋಡೆಯ ಪೇಪರಿನ ಅಂಕಿ ಸಾವಿರಗಟ್ಟಲೆ! ಪ್ಲಾಸ್ಟಿಕ್ಕೇ ಎಲ್ಲವನ್ನೂ ತಡೆದಿತ್ತು. ಅಲ್ಲಿಗೆ ಹೋಗಿದ್ದು ಹೇಗೆ? ಸಲ್ಫರ್-35 ಇರುವ ಮೆಥಿಯೋನಿನ್ (ಪ್ರೋಟೀನಿನಲ್ಲಿರುವ ಒಂದು ಅಮೈನೋ ಆಮ್ಲ) ಸ್ವಲ್ಪ ಸ್ವಲ್ಪ ಒಡೆದು ಆವಿಯಾಗುತ್ತದೆ. ಕೋಶಗಳಿಗೆ ಹಾಕಿ ಬೆಚ್ಚಗಿಟ್ಟರೆ ಆ ಆವಿ ಒಳಗೆಲ್ಲ ಹರಡುತ್ತದೆ.

ಅರ್ಧ ದಿನ ಸೋಪು ನೀರಿನಲ್ಲಿ ಉಜ್ಜಿದೆ. ಆಮೇಲೆ ಬಾಟಲಿ ತೆರೆಯುವುದು ಆವಿ ಹೊರಗೆಳೆಯುವ ಫ್ಯೂಮ್ ಹುಡ್ಡಿನಲ್ಲಿ ಮಾತ್ರ, ಇನ್‌ಕ್ಯುಬೇಟರಿನಲ್ಲಿ ಆವಿ ಹೀರಲು ಒಂದು ತಟ್ಟೆ ಇದ್ದಿಲು.