ಹಗುರ ಬಾಣದ ಹುಚ್ಚು ಬಿಡಿ, ಬಿಲ್ಲು ಉಳಿಸಿಕೊಳ್ಳಿ

ಈ ಸಲವೂ ಬಂದಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಬಾಣದ ಸ್ಪೀಡ್ ಬಗ್ಗೆಯೇ. ಗುರಿ ಬಗ್ಗೆ ಕೇಳುವವರು ಕಡಿಮೆ. ಹಾಗಾಗಿ ಮೊದಲ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ. ಹೊಸಬರಿಗೆ ಒಂದು ಮಾತು: ಗ್ರೇನ್ ಬಾಣದ ತೂಕದ ಅಳತೆ, ಬಿಲ್ಲಿನ ಪೌಂಡ್ ಎಂದರೆ ಹೆದೆ ಎಳೆಯಲು ಬೇಕಾಗುವ ಬಲ (ಡ್ರಾ ವೇಟ್), ಕಾಂಪೌಂಡ್ ಎಂದರೆ ಚಕ್ರ, ಕೇಬಲ್ ಇರುವ ಬಿಲ್ಲು.

ನನ್ನದು 60 ಪೌಂಡ್ ಕಾಂಪೌಂಡ್ ಬಿಲ್ಲು, ಈಗಿನ ಬಾಣ 350 ಗ್ರೇನ್. 250 ಗ್ರೇನ್ ಬಾಣ ಹಾಕಿದರೆ ಬಿಲ್ಲಿನ ಪೂರ್ತಿ ಶಕ್ತಿ ಸಿಗುತ್ತದೆ ಎಂದು ಮಾರುವವರು ಹೇಳಿದರು. ತಗೊಳ್ಳಲಾ? (ಹಾಸನ)

ಬೇಡ. ಅವರು ಹೇಳಿದ್ದು ಪೂರ್ತಿ ಉಲ್ಟಾ. ಬಾಣ ಹಗುರಾದರೆ ಸ್ಪೀಡ್ ಏರುತ್ತದೆ, ನಿಜ. ಆದರೆ ಬಿಲ್ಲಿನ ಶಕ್ತಿಯಲ್ಲಿ ಬಾಣಕ್ಕೆ ಸಿಗುವ ಪಾಲು ಇಳಿಯುತ್ತದೆ.

ನೀವು ಹೆದೆ ಬಿಟ್ಟಾಗ ಓಡುವುದು ಬಾಣ ಒಂದೇ ಅಲ್ಲ. ಹೆದೆ, ಕೇಬಲ್, ಕ್ಯಾಮ್ (ತುದಿಯ ಚಕ್ರ), ಲಿಂಬಿನ (ಬಿಲ್ಲಿನ ಬಾಗುವ ತೋಳಿನ) ತುದಿ ಎಲ್ಲವೂ ಓಡುತ್ತವೆ. ಇವುಗಳಿಗೂ ಶಕ್ತಿ ಬೇಕು. ಲೆಕ್ಕಕ್ಕೆ, ಇವೆಲ್ಲ ಸೇರಿ ಬಾಣದ ಜೊತೆ ಓಡುವ 80 ಗ್ರೇನ್ ತೂಕಕ್ಕೆ ಸಮ ಎಂದುಕೊಳ್ಳಿ. ನಿಮ್ಮ 350 ಗ್ರೇನ್ ಬಾಣ ಸೆಕೆಂಡಿಗೆ 280 ಅಡಿ ಹೋಗುತ್ತದೆ ಎಂದುಕೊಳ್ಳೋಣ. ಆಗ ಬಾಣಕ್ಕೆ ಸಿಗುವುದು ಸುಮಾರು 83 ಜೂಲ್, ಬಿಲ್ಲಿನಲ್ಲೇ ಉಳಿಯುವುದು 19. ಅದೇ ಬಿಲ್ಲಿಗೆ 250 ಗ್ರೇನ್ ಬಾಣ ಹಾಕಿ. ಸ್ಪೀಡ್ 320 ಅಡಿಗೆ ಏರುತ್ತದೆ, ಬಾಣದ ಶಕ್ತಿ 77 ಜೂಲಿಗೆ ಇಳಿಯುತ್ತದೆ, 25 ಜೂಲ್ ಬಿಲ್ಲಿಗೇ ವಾಪಸ್. 450 ಗ್ರೇನ್ ಹಾಕಿದರೆ ಸ್ಪೀಡ್ 252ಕ್ಕೆ ಇಳಿದರೂ ಬಾಣಕ್ಕೆ 86 ಜೂಲ್ ಸಿಗುತ್ತದೆ, ಉಳಿಯುವುದು ಬರೀ 15.

ಒಂದು ಕಾಫಿ ಬೀಜವನ್ನು ಇದ್ದ ಬಲವೆಲ್ಲ ಹಾಕಿ ಎಸೆದು ನೋಡಿ. ಬೀಜ ಅಲ್ಲೇ ಬೀಳುತ್ತದೆ, ಭುಜ ನೋಯುತ್ತದೆ. ಬಿಲ್ಲಿಗೆ ಆಗುವುದೂ ಅದೇ.

ಆ ಉಳಿದ ಶಕ್ತಿ ಸುಮ್ನೆ ಮಾಯವಾಗುವುದಿಲ್ಲ. ಅದರ ಒಂದು ಪಾಲು ಸದ್ದಾಗಿ ಕಿವಿಗೆ, ನಡುಕವಾಗಿ ಕೈಗೆ ಬರುತ್ತದೆ. ಉಳಿದದ್ದನ್ನು ಲಿಂಬ್, ಕ್ಯಾಮ್, ಹೆದೆ ತಡೆದುಕೊಳ್ಳಬೇಕು. ಬಾಣವೇ ಇಲ್ಲದೆ ಹೆದೆ ಬಿಟ್ಟರೆ ಲಿಂಬ್ ಸೀಳುವುದು, ಹೆದೆ ಕಿತ್ತು ಬರುವುದು ಇದಕ್ಕೇ. ಬಾಣ ಹಗುರಾದಷ್ಟೂ ನೀವು ಆ ಸ್ಥಿತಿಗೆ ಹತ್ತಿರವಾಗುತ್ತೀರಿ. ಅದಕ್ಕೇ ಒಂದು ಪೌಂಡ್ ಡ್ರಾ ವೇಟಿಗೆ ಕನಿಷ್ಠ 5 ಗ್ರೇನ್ ಬಾಣ ಇರಬೇಕು ಎಂದು ಬಿಲ್ಲಿನ ಕಂಪನಿಗಳೇ ಹೇಳುತ್ತವೆ. ನಿಮ್ಮ ಬಿಲ್ಲಿಗೆ ಅದು 300 ಗ್ರೇನ್, ಅಂದರೆ 19 ಗ್ರಾಂ ಚಿಲ್ಲರೆ. 250 ಗ್ರೇನ್ ಬಾಣ ಕೊಡಲು ಹೊರಟವರಿಗೆ ಇದು ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಮಾರುತ್ತಿದ್ದಾರೆ. ಎರಡರಲ್ಲಿ ಯಾವುದಾದರೂ ಅವರ ಹತ್ತಿರ ಬಿಲ್ಲು ರಿಪೇರಿಗೂ ಕೊಡಬೇಡಿ.

ಇನ್ನೊಂದು ಮಾತು. ನೀವು ಹೊರಾಂಗಣ ಕಾಂಪೌಂಡ್ ಸ್ಪರ್ಧೆಗೆ ತಯಾರಾಗುತ್ತಿದ್ದರೆ ದೂರ 50 ಮೀಟರ್, ಗುರಿ ಹಲಗೆಯ ಮುಖ 80 ಸೆಂಟಿಮೀಟರ್. ಆ ದೂರ ಬದಲಾಗುವುದೇ ಇಲ್ಲ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, 280 ಅಡಿ ಸ್ಪೀಡಿನ ಬಾಣ ಅಷ್ಟು ದೂರದಲ್ಲಿ ಸುಮಾರು 1.7 ಮೀಟರ್ ಕೆಳಗಿಳಿಯುತ್ತದೆ, 252 ಅಡಿಯದು 2.1 ಮೀಟರ್. ಈ 40 ಸೆಂಟಿಮೀಟರ್ ವ್ಯತ್ಯಾಸಕ್ಕೆ ಸೈಟ್ (ಬಿಲ್ಲಿನ ಮೇಲೆ ಗುರಿ ನೋಡುವ ಸಾಧನ) ಒಂದು ಸಲ ಹೊಂದಿಸಿದರೆ ಮುಗಿಯಿತು. ಆಮೇಲೆ ಸ್ಪೀಡಿನಿಂದ ನಿಮಗೇನು ಲಾಭ? ದೂರವನ್ನು ಕಣ್ಣಲ್ಲೇ ಅಳೆಯಬೇಕಾದ ಫೀಲ್ಡ್ ಆಟಗಳಲ್ಲಿ ವೇಗಕ್ಕೆ ಬೆಲೆ ಇದೆ, ಒಪ್ಪುತ್ತೇನೆ. ಹಾಸನದ ಬಯಲು ಮೈದಾನಗಳಲ್ಲಿ ಮಧ್ಯಾಹ್ನ ಗಾಳಿ ಎದ್ದಾಗ ಮಾತ್ರ ತೆಳು ಶಾಫ್ಟಿನ (ಬಾಣದ ಕಡ್ಡಿಯ), ತುಸು ತೂಕದ ಬಾಣವೇ ಮೇಲು. ಗಾಳಿ ಅದನ್ನು ಕಡಿಮೆ ತಳ್ಳುತ್ತದೆ.

ಹಾಗಂತ 600 ಗ್ರೇನ್‌ಗೆ ಹಾರಬೇಡಿ. ತೂಕ ಏರಿಸುತ್ತಾ ಹೋದಂತೆ ಸಿಗುವ ಲಾಭ ಸಣ್ಣದಾಗುತ್ತದೆ, ಸೈಟಿನಲ್ಲಿ ಇಳಿಸಲು ಜಾಗ ಮುಗಿಯುತ್ತದೆ. 60 ಪೌಂಡಿಗೆ 350ರಿಂದ 400 ಗ್ರೇನ್ ಧಾರಾಳ. ಅದಕ್ಕಿಂತ ಮುಖ್ಯ, ಬತ್ತಳಿಕೆಯ ಎಲ್ಲ ಬಾಣಗಳೂ ಒಂದೇ ತೂಕ ಇರಲಿ. ಒಂದೊಂದನ್ನೂ ತಕ್ಕಡಿಯ ಮೇಲಿಡಿ. ಇದನ್ನು ಎಷ್ಟು ಸಲ ಹೇಳಿದರೂ ಯಾರೂ ಮಾಡುವುದಿಲ್ಲ.

ಬಿಲ್ಲಿನ ಡಬ್ಬದ ಮೇಲೆ ಸೆಕೆಂಡಿಗೆ 330 ಅಡಿ ಎಂದಿದೆ, ನನಗೆ ಅಷ್ಟು ಬರುವುದಿಲ್ಲ. ಮೋಸವೇ? (ಅರಸೀಕೆರೆ)

ಅಲ್ಲ. ಆ ಅಂಕಿ ಸಾಮಾನ್ಯವಾಗಿ 70 ಪೌಂಡ್, 30 ಇಂಚು ಡ್ರಾ (ಹೆದೆ ಎಳೆಯುವ ಉದ್ದ), 350 ಗ್ರೇನ್ ಬಾಣದ್ದು. ಡ್ರಾ ಒಂದು ಇಂಚು ಕಡಿಮೆಯಾದರೆ ಸುಮಾರು 10 ಅಡಿ ಹೋಗುತ್ತದೆ. ನಂಬರಿಗಾಗಿ ನಿಮ್ಮ ತೋಳಿಗಿಂತ ಉದ್ದದ ಡ್ರಾ ಇಟ್ಟುಕೊಂಡರೆ ಗುರಿಯೂ ಹೋಗುತ್ತದೆ, ಭುಜವೂ ಹೋಗುತ್ತದೆ.

ತೋಟದ ಬಿದಿರಿನಲ್ಲಿ ಬಾಣ ಮಾಡಿ ಕಾಂಪೌಂಡಿನಲ್ಲಿ ಬಿಡಬಹುದಾ? (ಮೂಡಿಗೆರೆ)

ಖಂಡಿತ ಬೇಡ. ಹೆದೆಯ ಮೇಲೇ ಒಡೆದು ಸಿಬಿರು ನಿಮ್ಮ ಮುಂಗೈಗೆ ನೆಡುತ್ತದೆ.

ಕಾಡುಹಂದಿಗೆ ಎಷ್ಟು ಗ್ರೇನ್ ಬೇಕು? (ಸಕಲೇಶಪುರ)

ಇದಕ್ಕೆ ಉತ್ತರ ಕೊಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಬೆಳೆ ಹಾಳಾಗುತ್ತಿದ್ದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ.

ಬಾಣ ಬದಲಿಸದೆ 100 ಗ್ರೇನ್ ಪಾಯಿಂಟ್ (ಬಾಣದ ಮೊನೆ) ತೆಗೆದು 150 ಹಾಕಿದರೆ ಸಾಕಲ್ವಾ? (ಚಿಕ್ಕಮಗಳೂರು)

ತೂಕ ಏರುತ್ತದೆ, ಆದರೆ ಬಿಡುವಾಗ ಶಾಫ್ಟ್ ಮೊದಲಿಗಿಂತ ಜಾಸ್ತಿ ಬಾಗುತ್ತದೆ. ಈಗಾಗಲೇ ನಿಮ್ಮ ಶಾಫ್ಟಿನ ಸ್ಪೈನ್ (ಬಾಗದಂತೆ ತಡೆಯುವ ಬಿಗಿತ) ಮೆತ್ತಗಿದ್ದರೆ ಬಾಣ ಅಡ್ಡಾದಿಡ್ಡಿ ಹೋಗುತ್ತದೆ. ಶಾಫ್ಟ್ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಡ್ರಾ ವೇಟ್, ಬಾಣದ ಉದ್ದ, ಪಾಯಿಂಟಿನ ತೂಕ ಮೂರನ್ನೂ ಹೊಂದಿಸಿ ನೋಡಿ, ಆಮೇಲೆ ಕೊಳ್ಳಿ. ಹಳೆಯ ಕಾರ್ಬನ್ ಶಾಫ್ಟ್ ಆಗಿದ್ದರೆ ಪ್ರತಿ ಸಲ ಬಿಡುವ ಮುಂಚೆ ಮೆಲ್ಲಗೆ ಬಾಗಿಸಿ ನೋಡಿ. ಚಟಚಟ ಸದ್ದು ಬಂದರೆ ಆಗಲೇ ಮುರಿದು ಎಸೆಯಿರಿ.